ತಾಳ ಎಳೆದವರು ಯಾರು?

ಕ್ರಿಕೆಟ್ ನೇರ ಪ್ರಸಾರ ನೋಡುವಾಗ ಪಕ್ಕದ ಮನೆಯ ಕೂಗು ಮೊದಲು ಕೇಳಿ, ನಮ್ಮ ಟೀವಿಯಲ್ಲಿ ವಿಕೆಟ್ ಆಮೇಲೆ ಬೀಳುವುದುಂಟು. ಹಾಗೆಂದು ಪಂದ್ಯದ ಫಲಿತಾಂಶ ಬದಲಾಗುವುದಿಲ್ಲ. ನಮ್ಮ ಟೀವಿಯಿಂದ ಮೈದಾನಕ್ಕೆ ವಾಪಸ್ ಹೋಗುವುದು ಏನೂ ಇಲ್ಲ, ಹಾಗಾಗಿ ತಡವಾಗಿ ಬಂದರೂ ಬಂದದ್ದು ಅದೇ ಆಟ. ಆದರೆ ಇಬ್ಬರು ಒಬ್ಬರನ್ನೊಬ್ಬರು ಕೇಳಿಸಿಕೊಂಡು ಲಯ ಹಿಡಿಯುವ ಜಾಗದಲ್ಲಿ ಅಷ್ಟೇ ತಡ ಬಂದು ಕೂತರೆ, ಅದೇ ಲಯ ಸ್ವಲ್ಪ ಹೊತ್ತು ಬಿಟ್ಟು ಕೇಳಿಸುತ್ತದೆ ಎನ್ನುವ ಹಾಗಿಲ್ಲ. ಲಯವೇ ಬೇರೆಯಾಗುತ್ತದೆ. ನಿಧಾನವಾಗಬಹುದು, ತಲೆಕೆಳಗಾಗಬಹುದು, ಒಂದಿದ್ದ ಕಡೆ ಎರಡು ಮೂರು ಲಯಗಳು ಹುಟ್ಟಬಹುದು, ಪೂರ್ತಿ ನಿಂತೂ ಹೋಗಬಹುದು. ಇದನ್ನು ನಾನು ಕಲಿಸುವ ವಿಷಯವಾಗಿ ಬಲ್ಲೆ. ಆದರೆ ಬರೆಯಲೇಬೇಕು ಅನ್ನಿಸಿದ್ದು ನಮ್ಮ ದೊಡ್ಡಪ್ಪನ ಕಾರಣಕ್ಕೆ.

ನಾನು ಕುಂದಾಪುರದ ಆಸುಪಾಸಿನವಳು. ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ, ಶನಿವಾರ ಸಂಜೆ ಊರಿನ ಭಜನಾ ಮಂಡಳಿಯಲ್ಲಿ ತಾಳ ಹಿಡಿಯುತ್ತೇನೆ. ಮಂಡಳಿಯ ತಬಲಾ ದೊಡ್ಡಪ್ಪನದು. 2020ರ ಲಾಕ್‌ಡೌನಿನಲ್ಲಿ ದೇವಸ್ಥಾನದ ಬಾಗಿಲು ಹಾಕಿದಾಗ ಭಜನೆ ನಿಲ್ಲಿಸಬಾರದೆಂದು ಎಲ್ಲರೂ ಅವರವರ ಮನೆಯಿಂದಲೇ ವಿಡಿಯೋ ಕರೆಯಲ್ಲಿ ಸೇರಿದೆವು. ಮಸ್ಕತ್‌ನಲ್ಲಿರುವ ದೊಡ್ಡಪ್ಪನ ಮಗನೂ ತಾಳ ಹಿಡಿದು ಕೂತ. ಊರಿನಲ್ಲಿದ್ದಾಗ ಅಪ್ಪನ ಬಲಗಡೆ ಕೂತು ನುಡಿಸುತ್ತಿದ್ದವನು ಅವನು, ಅವನಷ್ಟು ಖಚಿತವಾಗಿ ತಾಳ ಹಾಕುವವರು ನಮ್ಮಲ್ಲಿ ಇನ್ನೊಬ್ಬರಿಲ್ಲ.

ಮೊದಲ ಪದದಲ್ಲೇ ತಾಳ ಎಳೆಯತೊಡಗಿತು. ಎರಡನೆಯ ಚರಣಕ್ಕೆ ಬರುವಾಗ ಕುಣಿಯಬೇಕಿದ್ದ ಪದ ಜೋಗುಳದಂತಾಗಿತ್ತು. ಮತ್ತೆ ಶುರು ಮಾಡಿದರೆ ಮತ್ತೆ ಅದೇ ಕಥೆ. "ಅವನು ಎಳೀತಾ ಇದ್ದಾನೆ, ಸ್ವಲ್ಪ ಓಡಿಸ್ಲಿಕ್ಕೆ ಹೇಳು ಅವನಿಗೆ" ಎಂದು ದೊಡ್ಡಪ್ಪ ನನಗೆ ಫೋನು ಮಾಡಿದರು. ಮಗ ಆಮೇಲೆ ಪ್ರತ್ಯೇಕವಾಗಿ ಹೇಳಿದ್ದು ಬೇರೆ: "ಅಕ್ಕ, ಅಪ್ಪನಿಗೆ ವಯಸ್ಸಾಯ್ತು. ಕೈ ನಿಧಾನ ಆಗಿದೆ ಅಂತ ಕಾಣ್ತದೆ." ಈ ಮಾತು ಹೇಗೋ ದೊಡ್ಡಪ್ಪನ ಕಿವಿಗೂ ಬಿತ್ತು. ಅವರು ಏನೂ ಹೇಳಲಿಲ್ಲ, ಆದರೆ ಮುಂದಿನ ವಾರ ತಬಲಾ ಹೊರಗೆ ತೆಗೆಯಲಿಲ್ಲ. ಅವರ ಕೈ ನಿಧಾನವಾಗಿರಲಿಲ್ಲ. ಮಗನ ತಾಳವೂ ಎಳೆಯುತ್ತಿರಲಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಪ್ರಾಮಾಣಿಕವಾಗಿ ಕಿವಿಗೊಟ್ಟದ್ದರಿಂದಲೇ ಹಾಗಾಯಿತು.

ತಡ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ. ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ, ಎಂದರೆ ಸಾವಿರ ಕಿಲೋಮೀಟರಿಗೆ 5 ಮಿಲಿಸೆಕೆಂಡ್. ಕೇಬಲ್ಲು ಸುತ್ತು ಬಳಸಿ ಹೋದರೂ ಕರಾವಳಿಯಿಂದ ಕೊಲ್ಲಿ ದೇಶಕ್ಕೆ ಬೆಳಕಿಗೆ ಬೇಕಾಗುವುದು ಕೆಲವೇ ಹತ್ತು ಮಿಲಿಸೆಕೆಂಡ್. ಉಳಿದದ್ದೆಲ್ಲ ದಾರಿಯಲ್ಲಿ ನಾವೇ ಕಟ್ಟಿಕೊಂಡದ್ದು. ಫೋನು ಧ್ವನಿಯನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಂಡುಗಳಾಗಿ ಕತ್ತರಿಸಿ ಕಳಿಸುತ್ತದೆ. ತುಂಡುಗಳು ಹಿಂದುಮುಂದಾಗಿ ತಲುಪಬಹುದಾದ್ದರಿಂದ ಆಚೆ ಕಡೆಯ ಆ್ಯಪ್ ಕೆಲವನ್ನು ಕೂಡಿಟ್ಟುಕೊಂಡು ಆಮೇಲೆ ನುಡಿಸುತ್ತದೆ. ವೈಫೈ ಒಂದಿಷ್ಟು, ಬ್ಲೂಟೂತ್ ಇಯರ್‌ಫೋನ್ ಇದ್ದರೆ ಇನ್ನಷ್ಟು. ಫೋನಿನ ಮಾತುಕತೆಗೆ ಒಂದು ದಿಕ್ಕಿನಲ್ಲಿ 150 ಮಿಲಿಸೆಕೆಂಡ್ ತಡದವರೆಗೆ ತೊಂದರೆಯಿಲ್ಲ ಎಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಹೇಳುತ್ತದೆ. ಮಾತಿಗೆ ಅದು ನಿಜವೇ. ಭಜನೆಗೆ ಆ ಸಂಖ್ಯೆ ಎಷ್ಟು ದುಬಾರಿಯೆಂದು ಮುಂದೆ ಲೆಕ್ಕ ಹಾಕಿ ತೋರಿಸುತ್ತೇನೆ. (ಇನ್ನೊಂದು ಸಂಗತಿ: ಈ ಆ್ಯಪ್‌ಗಳು ಗದ್ದಲ ಕಡಿಮೆ ಮಾಡಲೆಂದು ತಾಳದ ಕಿಣಿಕಿಣಿಯನ್ನೂ ಗದ್ದಲವೆಂದೇ ತಿಳಿದು ಅಳಿಸಿಹಾಕುತ್ತವೆ. ಆ ಸೆಟ್ಟಿಂಗನ್ನು ಆರಿಸದಿದ್ದರೆ ಮುಂದಿನ ಯಾವ ಮಾತಿಗೂ ಅರ್ಥವಿಲ್ಲ.)

ಕಾಲೇಜು ತೆರೆದ ಮೇಲೆ ಇದನ್ನು ಮಕ್ಕಳ ಜೊತೆ ಮಾಡಿ ನೋಡಿದೆ. ಇಬ್ಬರು ವಿದ್ಯಾರ್ಥಿಗಳನ್ನು ಎರಡು ಕೋಣೆಗಳಲ್ಲಿ ಹೆಡ್‌ಫೋನ್ ಹಾಕಿ ಕೂರಿಸಿ, ಒಬ್ಬರ ಚಪ್ಪಾಳೆ ಇನ್ನೊಬ್ಬರಿಗೆ ಕಂಪ್ಯೂಟರಿನ ಮೂಲಕ, ನಾವು ಬೇಕೆಂದಷ್ಟು ತಡ ಸೇರಿಸಿ ಕೇಳುವಂತೆ ಮಾಡಿದೆವು. ನಿಮಿಷಕ್ಕೆ 90ರ ವೇಗ ಕಿವಿಗೆ ಹಾಕಿ, ಆಮೇಲೆ ಅದನ್ನು ನಿಲ್ಲಿಸಿ ಅವರಷ್ಟಕ್ಕೇ ಬಿಟ್ಟೆವು. ತಡ ಹೆಚ್ಚಿಸುತ್ತ ಹೋದ ಹಾಗೆ ವೇಗ ಇಳಿಯುತ್ತ ಹೋಯಿತು, ಯಾವ ಜೋಡಿ ಕೂತರೂ ಅಷ್ಟೇ. ಒಬ್ಬನೇ ಒಬ್ಬ ಹುಡುಗ, ಯಕ್ಷಗಾನದ ಚೆಂಡೆ ಕಲಿಯುತ್ತಿದ್ದವನು, ಜಗ್ಗಲಿಲ್ಲ. ಅವನ ವೇಗ ಇಳಿಯಲೇ ಇಲ್ಲ. ಆದರೆ ರೆಕಾರ್ಡಿಂಗ್ ಹಾಕಿ ನೋಡಿದರೆ ಅವನು ಜೊತೆಗಾರನನ್ನು ಕೇಳುತ್ತಲೇ ಇರಲಿಲ್ಲ, ಜೊತೆಗಾರ ಅವನ ಹಿಂದೆ ಹಿಂದೆ ಬರುತ್ತಿದ್ದ. "ಕೇಳಿದ್ರೆ ಲಯ ಹೋಗ್ತದೆ ಮೇಡಂ, ಅದಕ್ಕೆ ಕಿವಿ ಮುಚ್ಚಿಕೊಂಡ ಹಾಗೆ ಮಾಡಿದೆ" ಅಂದ. ಅವನು ಹೇಳಿದ್ದು ಸಮೀಕರಣದಲ್ಲಿ ಒಂದು ಅಕ್ಷರ. ಅದಕ್ಕೂ ಬರುತ್ತೇನೆ.

ಇದೇ ಪ್ರಯೋಗವನ್ನು ಬಹಳ ಶಿಸ್ತಿನಿಂದ ಮಾಡಿದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ ಚೇಫ್ ಮತ್ತು ಅವರ ಸಂಗಡಿಗರು. ಚೇಫ್ ಸ್ವತಃ ಸಂಗೀತಗಾರರು, ಇಂಟರ್ನೆಟ್ಟಿನಲ್ಲಿ ಕೂಡಿ ನುಡಿಸಲೆಂದೇ ಇರುವ ಜಾಕ್‌ಟ್ರಿಪ್ ಎಂಬ ತಂತ್ರಾಂಶದ ಹಿಂದೆ ಇರುವವರು. 2004ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಲ್ಲಿ ಒಂದು ಅಚ್ಚರಿಯಿತ್ತು. ತಡ ಸುಮಾರು 11.5 ಮಿಲಿಸೆಕೆಂಡಿಗಿಂತ ಹೆಚ್ಚಾದರೆ ಚಪ್ಪಾಳೆ ನಿಧಾನವಾಗುತ್ತದೆ, ಇದು ನಿರೀಕ್ಷಿತ. ಅದಕ್ಕಿಂತ ಕಡಿಮೆಯಾದರೆ ಚಪ್ಪಾಳೆ ಓಡುತ್ತದೆ! 2010ರ ಹೊತ್ತಿಗೆ ಇನ್ನೂ ವಿವರವಾಗಿ ಹೇಳಿದರು: 10 ಮಿಲಿಸೆಕೆಂಡಿನವರೆಗೆ ವೇಗ ಏರುತ್ತದೆ, 10ರಿಂದ 21ರವರೆಗೆ ಸಹಜವಾಗಿ ನಿಲ್ಲುತ್ತದೆ, 22ರಿಂದ 66ರವರೆಗೆ ನಿಧಾನವಾಗುತ್ತದೆ, ಅದಕ್ಕೂ ಆಚೆ ಜೊತೆಯೇ ಕೆಡುತ್ತದೆ.

ಕಡಿಮೆ ತಡದಲ್ಲಿ ಯಾಕೆ ಓಡಬೇಕು? ನನಗೆ ಒಪ್ಪಿಗೆಯಾಗುವ ವಿವರಣೆ ಇದು. ಒಂದೇ ವೇಗದಲ್ಲಿ ಟಿಕ್ ಟಿಕ್ ಎನ್ನುವ ಮೆಟ್ರೊನೋಮಿಗೆ ಸರಿಯಾಗಿ ಬೆರಳು ಕುಟ್ಟಲು ಹೇಳಿದರೆ ಜನ ಟಿಕ್‌ಗಿಂತ ಸಾಮಾನ್ಯವಾಗಿ ಕೆಲವು ಹತ್ತು ಮಿಲಿಸೆಕೆಂಡ್ ಮೊದಲೇ ಕುಟ್ಟುತ್ತಾರೆ. ಕೈ ಕಾದು ಕೂರುವುದಿಲ್ಲ, ಮುಂದಿನ ಪೆಟ್ಟನ್ನು ಊಹಿಸಿ ಹೊರಡುತ್ತದೆ. ಇಬ್ಬರೂ ಹೀಗೆ ಚೂರು ಮುಂಚೆ ಹೊರಟರೆ ಲಯ ಓಡಬೇಕು. ಗಾಳಿಯಲ್ಲಿ ಸದ್ದು ಬಂದು ತಲುಪುವ ತಡ ಆ ಓಟಕ್ಕೆ ಲಗಾಮು ಹಾಕುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 350 ಮೀಟರ್. 11.5 ಮಿಲಿಸೆಕೆಂಡಿಗೆ ಅದು ನಾಲ್ಕು ಮೀಟರ್ ಸಾಗುತ್ತದೆ. ದೇವಸ್ಥಾನದ ಚಾವಡಿಯಲ್ಲಿ ಜಮಖಾನ ಹಾಸಿ ತಬಲಾ, ಹಾರ್ಮೋನಿಯಂ, ತಾಳ, ಹಾಡುವವರು ಎದುರುಬದುರು ಕೂರುವ ಅಂತರವನ್ನು ಅಳೆದು ನೋಡಿ, ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಇನ್ನೂ ಹತ್ತಿರ ಒತ್ತಿ ಕೂತ ದಿನ ಭಜನೆ ಓಡುವುದನ್ನೂ ನಾನು ಕಂಡಿದ್ದೇನೆ. ಅದರಲ್ಲಿ ಉತ್ಸಾಹದ ಪಾಲು ಎಷ್ಟು, ಅಂತರದ ಪಾಲು ಎಷ್ಟು ಎಂದು ಬಿಡಿಸಿ ಹೇಳಲಾರೆ.

ಈಗ ಲೆಕ್ಕ. ಒಂದೇ ಸಮನೆ ಬಡಿದುಕೊಳ್ಳುವ ಯಾವುದನ್ನೂ ಭೌತಶಾಸ್ತ್ರದಲ್ಲಿ ಆಂದೋಲಕ ಎನ್ನುತ್ತೇವೆ: ಲೋಲಕ, ಮಿಂಚುಹುಳ, ಹೃದಯದ ಜೀವಕೋಶ, ತಬಲಾ ನುಡಿಸುವ ಕೈ. 1975ರಲ್ಲಿ ಜಪಾನಿನ ಯೋಶಿಕಿ ಕುರಮೊಟೊ ಇಂಥ ಆಂದೋಲಕಗಳ ಗುಂಪಿಗೆ ಒಂದು ಸರಳ ಸಮೀಕರಣ ಕೊಟ್ಟರು. ಅದರಲ್ಲಿ ಪ್ರತಿಯೊಬ್ಬರಿಗೂ ತಮ್ಮದೇ ಒಂದು ಒಳವೇಗ ಇರುತ್ತದೆ. ಜೊತೆಗಾರ ಆವರ್ತದಲ್ಲಿ ನನಗಿಂತ ಮುಂದಿದ್ದರೆ ನಾನು ವೇಗ ಹೆಚ್ಚಿಸುತ್ತೇನೆ, ಹಿಂದಿದ್ದರೆ ಇಳಿಸುತ್ತೇನೆ. ಎಷ್ಟು ಎಂಬುದು ಎರಡರ ಮೇಲೆ ನಿಂತಿದೆ: ಒಂದು ಆವರ್ತವನ್ನು ಒಂದು ಪೂರ್ತಿ ವೃತ್ತವೆಂದು ಎಣಿಸಿದರೆ ನಮ್ಮಿಬ್ಬರ ನಡುವೆ ಬರುವ ಕೋನದ ಸೈನ್, ಮತ್ತು ನಾನು ಅವರಿಗೆ ಎಷ್ಟು ಕಿವಿಗೊಡುತ್ತೇನೆ ಎಂಬ ಒಂದು ಸಂಖ್ಯೆ. ಈ ಎರಡನೆಯದನ್ನು ಕೆ ಎನ್ನುತ್ತಾರೆ. ಚೆಂಡೆಯ ಹುಡುಗ ತನ್ನ ಕೆಯನ್ನು ಸೊನ್ನೆಗೆ ಇಳಿಸಿಕೊಂಡಿದ್ದ.

ಕುರಮೊಟೊ ಬರೆದ ಮೂಲ ಸಮೀಕರಣದಲ್ಲಿ ತಡ ಇಲ್ಲ. ಎಲ್ಲರಿಗೂ ಎಲ್ಲರೂ ಆ ಕ್ಷಣದಲ್ಲೇ ಕೇಳಿಸುತ್ತಾರೆ. ತಡ ಸೇರಿಸಿದರೆ ನಾನು ಹೋಲಿಸಿಕೊಳ್ಳುವುದು ಜೊತೆಗಾರನ ಈಗಿನ ಸ್ಥಾನಕ್ಕಲ್ಲ, ಸ್ವಲ್ಪ ಹಿಂದಿನ ಸ್ಥಾನಕ್ಕೆ. ನಾವಿಬ್ಬರೂ ಕರಾರುವಾಕ್ಕಾಗಿ ಒಟ್ಟಿಗೆ ಬಡಿಯುತ್ತಿದ್ದರೂ ನನ್ನ ಕಿವಿಗೆ ಅವನು ಹಿಂದೆ ಬಿದ್ದವನಂತೆ ಕೇಳಿಸುತ್ತಾನೆ. ಅವನ ಕಿವಿಗೆ ನಾನೂ ಹಾಗೆಯೇ. ಒಬ್ಬರಿಗಾಗಿ ಒಬ್ಬರು ವೇಗ ಇಳಿಸುತ್ತೇವೆ. ಇಬ್ಬರೂ ಕೂಡಿ ನೆಲೆಯಾಗುವ ವೇಗ ಎಂದರೆ ಒಳವೇಗದಿಂದ ಕೆಯಷ್ಟು ಗುಣಿಸಿದ ಒಂದು ಸೈನ್ ಕಳೆದದ್ದು, ಆ ಸೈನ್‌ನ ಒಳಗಿರುವುದು ಅದೇ ಹೊಸ ವೇಗ ಮತ್ತು ತಡದ ಗುಣಲಬ್ಧ. ಉತ್ತರ ತನ್ನೊಳಗೇ ಕೂತಿರುವ ಸಮೀಕರಣ ಇದು. 1989ರಲ್ಲಿ ಶುಸ್ಟರ್ ಮತ್ತು ವಾಗ್ನರ್ ಎರಡು ಆಂದೋಲಕಗಳಿಗೆ ಇದನ್ನು ಬಿಡಿಸಿ ತೋರಿಸಿದರು.

ಸಂಖ್ಯೆ ಹಾಕೋಣ. ಒಳವೇಗ ನಿಮಿಷಕ್ಕೆ 90 ಪೆಟ್ಟು. ಕೆ ಸೆಕೆಂಡಿಗೆ 2 ರೇಡಿಯನ್, ಅಂದರೆ ಜೊತೆಗಾರನಿಗಾಗಿ ಹೆಚ್ಚೆಂದರೆ ನಿಮಿಷಕ್ಕೆ 19 ಪೆಟ್ಟಿನಷ್ಟು ವೇಗ ಬದಲಿಸಿಕೊಳ್ಳುವ ಮನಸ್ಸಿದೆ ಎಂದು ಇಟ್ಟುಕೊಂಡಿದ್ದೇನೆ. ತಡ 12 ಮಿಲಿಸೆಕೆಂಡ್ ಆದರೆ ಕೂಡಿದ ವೇಗ 88, ಯಾರಿಗೂ ಗೊತ್ತಾಗುವುದಿಲ್ಲ. 50 ಆದರೆ 82. 100 ಆದರೆ 76. 150 ಆದರೆ 73. ಮಾತಿಗೆ ತೊಂದರೆಯಿಲ್ಲದ ತಡದಲ್ಲಿ ಭಜನೆ ಐದನೇ ಒಂದು ಭಾಗದಷ್ಟು ವೇಗ ಕಳೆದುಕೊಂಡಿತು. ಲೆಕ್ಕದಲ್ಲಿ ಇಬ್ಬರೂ ಸಮಾನ ಕುಶಲರು, ಇಬ್ಬರ ಒಳವೇಗವೂ 90ರಲ್ಲೇ ಗಟ್ಟಿಯಾಗಿದೆ, ಯಾರ ಕೈಯೂ ನಿಧಾನವಿಲ್ಲ. ಈ ಹಾಳೆಯನ್ನು ದೊಡ್ಡಪ್ಪನ ಎದುರು ಇಟ್ಟು ಸಾಲು ಸಾಲಾಗಿ ವಿವರಿಸಿದೆ. ಅವರು ಹತ್ತನೇ ತರಗತಿವರೆಗೆ ಓದಿದವರು, ಸೈನ್ ಅವರಿಗೆ ಬೇಡ, ಆದರೆ "ಅವನಿಗೆ ನಾನು, ನನಗೆ ಅವನು, ಇಬ್ಬರೂ ಕಾಯ್ತಾ ಇದ್ದೆವು ಅಂತಾಯ್ತು" ಎಂದು ಅವರೇ ಮುಗಿಸಿದರು.

ನಿಜವಾದ ಭಜನೆ ಲೆಕ್ಕಕ್ಕಿಂತ ಹೆಚ್ಚು ಕೆಡುತ್ತದೆ. ಸಮೀಕರಣದಲ್ಲಿ ಒಳವೇಗ ಬದಲಾಗುವುದಿಲ್ಲ, ಹಾಗಾಗಿ ಲಯ 73ಕ್ಕೆ ಇಳಿದು ಅಲ್ಲಿ ನಿಲ್ಲುತ್ತದೆ. ಮನುಷ್ಯರ ಒಳವೇಗ ಹಾಗಲ್ಲ. ಸ್ವಲ್ಪ ಹೊತ್ತು 73ರಲ್ಲಿ ನುಡಿಸಿದರೆ ಅದೇ ಸರಿಯಾದ ಕಾಲಪ್ರಮಾಣ ಅನ್ನಿಸತೊಡಗುತ್ತದೆ. ಒಳವೇಗ 73 ಆಯಿತೆಂದರೆ ತಡ ಅದರಿಂದ ಮತ್ತೊಂದು ಪಾಲು ಕಳೆಯುತ್ತದೆ. ಹೀಗೆ ಇಳಿಯುತ್ತಲೇ ಹೋಗುತ್ತದೆ. ಎರಡನೆಯ ಚರಣದ ಹೊತ್ತಿಗೆ ಪದ ಜೋಗುಳವಾದದ್ದು ಹೀಗೆ.

ಇನ್ನೂ ಮುಂದೆ ಹೋದರೆ ವಿಚಿತ್ರ ಶುರು. ಒಟ್ಟಿಗೆ ಬಡಿಯುವ ಸ್ಥಿತಿ ನಿಲ್ಲಬೇಕಾದರೆ ಆ ಸೈನ್‌ನ ಒಳಗಿರುವ ಕೋನದ ಕೊಸೈನ್ ಧನವಾಗಿರಬೇಕು, ಎಂದರೆ ಸಣ್ಣ ತಡಗಳ ಮಟ್ಟಿಗೆ ತಡವು ಎರಡು ಪೆಟ್ಟುಗಳ ನಡುವಿನ ಕಾಲದ ಕಾಲುಭಾಗಕ್ಕಿಂತ ಕಡಿಮೆ ಇರಬೇಕು. ಮ್ಯಾಥ್ಯೂ ಅರ್ಲ್ ಮತ್ತು ಸ್ಟೀವನ್ ಸ್ಟ್ರೋಗಾಟ್ಜ್ 2003ರಲ್ಲಿ ತೋರಿಸಿದಂತೆ, ಒಂದೇ ಬಗೆಯ ಆಂದೋಲಕಗಳು ಎಷ್ಟೇ ಇರಲಿ, ಪ್ರತಿಯೊಂದಕ್ಕೂ ಅಷ್ಟೇ ಜನರ ಸದ್ದು ಅಷ್ಟೇ ತಡದಲ್ಲಿ ಬರುತ್ತಿದ್ದರೆ, ನಿಯಮ ಇದೇ. ನನ್ನ ಸಂಖ್ಯೆಗಳಲ್ಲಿ ಆ ಗಡಿ ಸುಮಾರು 212 ಮಿಲಿಸೆಕೆಂಡಿನಲ್ಲಿ ಬರುತ್ತದೆ. ಅದನ್ನು ದಾಟಿದರೆ ಸ್ವಲ್ಪ ದೂರದವರೆಗೆ ಒಟ್ಟಿಗೆ ಬಡಿಯುವುದು ಅಸಾಧ್ಯ. ಎಷ್ಟೇ ಸರಿಯಾಗಿ ಶುರು ಮಾಡಿದರೂ ಜಾರುತ್ತದೆ. ಜಾರಿ ಹೋಗುವುದೆಲ್ಲಿಗೆ? ಒಬ್ಬರ ಪೆಟ್ಟು ಇನ್ನೊಬ್ಬರ ಎರಡು ಪೆಟ್ಟುಗಳ ನಡುವೆ ಬೀಳುವ ಎದುರುಲಯಕ್ಕೆ. ಆ ಲಯ ನಿಧಾನವೂ ಅಲ್ಲ, ನಿಮಿಷಕ್ಕೆ ನೂರಕ್ಕಿಂತ ಮೇಲಿರುತ್ತದೆ. 71ರಲ್ಲಿ ಎಳೆಯುತ್ತಿದ್ದ ಜೋಡಿ ತಡ ಇನ್ನೊಂದಿಷ್ಟು ಹೆಚ್ಚಾದ ಕೂಡಲೇ ಬೇರೆಯೇ ಲಯಕ್ಕೆ ಹಾರಿಬಿಡುತ್ತದೆ.

ನನಗೆ ಇದರಲ್ಲಿ ಅತ್ಯಂತ ಇಷ್ಟವಾದ ಭಾಗ ನಡುವಿನ ಪಟ್ಟಿ. ಸುಮಾರು 138ರಿಂದ 212 ಮಿಲಿಸೆಕೆಂಡಿನವರೆಗೆ ಎರಡೂ ಲಯಗಳು ಗಟ್ಟಿಯಾಗಿ ನಿಲ್ಲಬಲ್ಲವು. 150 ಮಿಲಿಸೆಕೆಂಡಿನಲ್ಲಿ ಒಟ್ಟಿಗೆ ಬಡಿದರೆ 73, ಎದುರುಬದುರು ಬಡಿದರೆ 109. ಅದೇ ಇಬ್ಬರು, ಅದೇ ಫೋನು, ಅದೇ ತಡ. ಯಾವುದು ಸಿಗುತ್ತದೆ ಎಂಬುದು ಹೇಗೆ ಶುರು ಮಾಡಿದರು ಎಂಬುದಕ್ಕೆ ಬಿಟ್ಟದ್ದು. ತಡ ಇಲ್ಲದ ಎರಡು ಆಂದೋಲಕಗಳಿಗೆ ಒಂದೇ ನೆಲೆ. ತಡ ಬಂದರೆ ಅವುಗಳಿಗೆ ಚರಿತ್ರೆ ಬರುತ್ತದೆ, ಹಿಂದೆ ಏನಾಗಿತ್ತು ಎಂಬುದು ಈಗ ಏನಾಗುತ್ತದೆ ಎಂಬುದನ್ನು ತೀರ್ಮಾನಿಸುತ್ತದೆ. ಜಪಾನಿನ ಅತ್ಸುಕೊ ತಕಮತ್ಸು ಮತ್ತು ಸಂಗಡಿಗರು 2000ದಲ್ಲಿ ಇದನ್ನು ಜೀವಂತ ವಸ್ತುವಿನಲ್ಲೇ ಕಂಡರು. ಕೊಳೆತ ಮರದ ಮೇಲೆ ಹಳದಿ ಲೋಳೆಯಂತೆ ಹರಡುವ ಫೈಸಾರಮ್ ಎಂಬ ಜೀವಿ ಒಂದೆರಡು ನಿಮಿಷಕ್ಕೊಮ್ಮೆ ಹಿಗ್ಗಿ ಕುಗ್ಗುತ್ತಿರುತ್ತದೆ. ಅದನ್ನು ಎರಡು ಗುಂಡಿಗಳಲ್ಲಿ ಬೆಳೆಸಿ ನಡುವೆ ಕಿರಿದಾದ ಕಾಲುವೆ ಬಿಟ್ಟರು. ಕಾಲುವೆಯ ಅಗಲ ಬದಲಿಸಿದರೆ ಕೆ ಬದಲಾಗುತ್ತದೆ, ಉದ್ದ ಬದಲಿಸಿದರೆ ತಡ ಬದಲಾಗುತ್ತದೆ. ಎರಡು ಗುಂಡಿಗಳು ಕೆಲವೊಮ್ಮೆ ಒಟ್ಟಿಗೆ, ಕೆಲವೊಮ್ಮೆ ಎದುರುಬದುರಾಗಿ ಮಿಡಿದವು. ಮಿದುಳಿಲ್ಲದ, ಕಿವಿಯಿಲ್ಲದ ಲೋಳೆ, ನಮ್ಮ ಮಂಡಳಿಯದೇ ಸಮೀಕರಣ.

ಲಯ ನಿಂತೇ ಹೋಗುವ ಕಥೆ ಭಾರತದ್ದು. ಇಲ್ಲಿಯವರೆಗಿನ ಲೆಕ್ಕದಲ್ಲಿ ಆಂದೋಲಕಕ್ಕೆ ವೇಗ ಮಾತ್ರ ಇತ್ತು, ಮಿಡಿತ ಎಷ್ಟು ದೊಡ್ಡದು ಎಂಬ ಗಾತ್ರ ಇರಲಿಲ್ಲ. ಗಾತ್ರವನ್ನೂ ಸೇರಿಸಿದರೆ ಕೂಡಿದ ಎರಡು ಆಂದೋಲಕಗಳು ಒಂದನ್ನೊಂದು ಪೂರ್ತಿ ಶಮನ ಮಾಡಬಹುದು ಎಂಬುದು ಹಳೆಯ ವಿಷಯ. ಅಕ್ಕಪಕ್ಕ ಇಟ್ಟ ಎರಡು ಆರ್ಗನ್ ಕೊಳವೆಗಳು ಒಂದನ್ನೊಂದು ಹೆಚ್ಚುಕಡಿಮೆ ಮೌನಗೊಳಿಸುವುದನ್ನು ಹತ್ತೊಂಬತ್ತನೇ ಶತಮಾನದಲ್ಲೇ ಲಾರ್ಡ್ ರೇಲಿ ಬರೆದಿದ್ದಾರೆ. ಆದರೆ ತಡವಿಲ್ಲದ ಈ ಬಗೆಯ ಮಾದರಿಗಳಲ್ಲಿ ಅದಾಗಬೇಕಾದರೆ ಎರಡರ ಒಳವೇಗದಲ್ಲಿ ಸಾಕಷ್ಟು ವ್ಯತ್ಯಾಸ ಬೇಕಿತ್ತು. ತದ್ರೂಪಿ ಜೋಡಿ ಸಾಯುತ್ತಿರಲಿಲ್ಲ. 1998ರಲ್ಲಿ ಗುಜರಾತಿನ ಗಾಂಧಿನಗರದ ಬಳಿ ಭಟ್ ಎಂಬಲ್ಲಿರುವ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯ ರಮಣ ರೆಡ್ಡಿ ಮತ್ತು ಅಭಿಜಿತ್ ಸೇನ್, ಜಾರ್ಜ್ ಜಾನ್‌ಸ್ಟನ್ ಜೊತೆ ಸೇರಿ, ತಡವೊಂದಿದ್ದರೆ ತದ್ರೂಪಿಗಳೂ ಸಾಯುತ್ತವೆ ಎಂದು ತೋರಿಸಿದರು. ಒಂದು ಅಕ್ಷದಲ್ಲಿ ಕೆ, ಇನ್ನೊಂದರಲ್ಲಿ ತಡ ಇಟ್ಟು ನಕ್ಷೆ ಬರೆದರೆ ಆಂದೋಲನ ಸತ್ತುಹೋಗುವ ಜಾಗಗಳು ಬಿಡಿಬಿಡಿ ದ್ವೀಪಗಳಂತೆ ಕಾಣಿಸುತ್ತವೆ. ಅವುಗಳಿಗೆ ಹೆಸರೂ ಸಾವಿನ ದ್ವೀಪಗಳು ಎಂದೇ. 2000ದಲ್ಲಿ ಅವರೇ ಎಲೆಕ್ಟ್ರಾನಿಕ್ ಸರ್ಕ್ಯೂಟುಗಳಲ್ಲಿ ಅದನ್ನು ಪ್ರಯೋಗದಿಂದ ಖಚಿತಪಡಿಸಿದರು.

ಸಾವು ಯಾಕೆ? ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದರೆ ಅದು ಏರುತ್ತದೆ, ನಮ್ಮ ಕಡೆ ಬರುತ್ತಿರುವಾಗ ತಳ್ಳಿದರೆ ನಿಲ್ಲುತ್ತದೆ. ಜೊತೆಗಾರನ ಹಳೆಯ ಸ್ಥಾನ ನನ್ನನ್ನು ಎಳೆಯುವಾಗ, ತಡದ ಅಳತೆ ಸರಿಯಾಗಿ ಕೂತರೆ, ಆ ಎಳೆತ ಪ್ರತಿ ಸುತ್ತಿನಲ್ಲೂ ನನ್ನ ಚಲನೆಗೆ ಎದುರಾಗಿಯೇ ಬೀಳುತ್ತದೆ. ಅವನಿಗೂ ನನ್ನಿಂದ ಅದೇ ಆಗುತ್ತದೆ. ಇಬ್ಬರಲ್ಲಿ ಒಬ್ಬನೇ ಇದ್ದಿದ್ದರೆ ಹಾಯಾಗಿ ಮಿಡಿಯುತ್ತಿದ್ದ. ನನ್ನ ತರಗತಿಯಲ್ಲಿ ಈ ಫಲಿತಾಂಶ ಹೇಳುವಾಗ ಸಂಸ್ಥೆಯ ಹೆಸರನ್ನೂ ಊರನ್ನೂ ಬೋರ್ಡಿನ ಮೇಲೆ ಬರೆಯುತ್ತೇನೆ. ನಮ್ಮ ಹಳ್ಳಿಯ ಕಾಲೇಜಿನ ಮಕ್ಕಳಿಗೆ ಪುಸ್ತಕದ ಹೆಸರುಗಳೆಲ್ಲ ದೂರದವೇ ಆಗಿರುತ್ತವೆ. ಜಗತ್ತು ಓದಿದ ಒಂದು ಪ್ರಬಂಧ ನಮ್ಮದೇ ದೇಶದ ಹೀಗೊಂದು ಊರಿನಿಂದ ಬಂತು ಎಂಬುದು ಅವರಿಗೆ ಗೊತ್ತಿರಬೇಕು.

ತಡದಿಂದ ಕೆಡುಕೇ ಎಂದೇನಿಲ್ಲ. 2006ರಲ್ಲಿ ಇಂಗೋ ಫಿಶರ್ ಮತ್ತು ಸಂಗಡಿಗರು ಮೂರು ಲೇಸರ್‌ಗಳನ್ನು ಸಾಲಾಗಿ ಇಟ್ಟು, ಪಕ್ಕದವು ಮಾತ್ರ ಒಂದನ್ನೊಂದು ಕೇಳುವಂತೆ ಮಾಡಿದರು. ನಡುವಿನ ಲೇಸರ್ ತುದಿಯವುಗಳಿಗಿಂತ ಹಿಂದೆ ಬಿತ್ತು, ಆದರೆ ಎರಡು ತುದಿಗಳು ನೇರವಾಗಿ ಸಂಪರ್ಕವೇ ಇಲ್ಲದೆ ಪರಸ್ಪರ ಒಂದಿಷ್ಟೂ ಅಂತರವಿಲ್ಲದೆ ಹೊಂದಿಕೊಂಡವು. ಇದನ್ನು ಓದಿದ ಮೇಲೆ ನಮ್ಮ ನಗರ ಭಜನೆಯ ಸಾಲನ್ನು ನಾನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಕುಣಿತ ಭಜನೆಯ ಮಕ್ಕಳು ಎರಡು ಸಾಲಾಗಿ ಬೀದಿಯುದ್ದಕ್ಕೆ ನಿಂತರೆ ಮೂವತ್ತು ಮೀಟರ್ ಸುಲಭವಾಗಿ ಆಗುತ್ತದೆ. ಮುಂದೆ ನಿಂತ ತಬಲಾ ಹಿಂದಿನ ಸಾಲಿಗೆ ತಲುಪುವಾಗ 86 ಮಿಲಿಸೆಕೆಂಡ್ ಕಳೆದಿರುತ್ತದೆ. ಹಿಂದಿನವರ ತಾಳ ಮುಂದಕ್ಕೆ ಬರುವಾಗ ಮತ್ತೆ ಅಷ್ಟೇ. ಹಿಂದಿನ ಪುಟ್ಟ ಮಕ್ಕಳಿಗೆ "ಹೆಜ್ಜೆ ತಪ್ಪಿಸ್ತೀರಿ" ಎಂದು ಬೈಗುಳ ಬೀಳುತ್ತಿತ್ತು, ಪಾಪ, ಅವರು ಕೇಳಿದ್ದಕ್ಕೆ ಸರಿಯಾಗಿಯೇ ಕುಣಿಯುತ್ತಿದ್ದರು. ಈಗ ಹಾಡುವವರೂ ತಬಲಾವೂ ಸಾಲಿನ ನಡುವೆ ಇರುತ್ತೇವೆ. ಎರಡೂ ತುದಿಗೆ 43 ಮಿಲಿಸೆಕೆಂಡ್, ತುದಿಗಳು ತಮ್ಮತಮ್ಮೊಳಗೆ ಸರಿಸಮ. ಬದಿಯಲ್ಲಿ ನಿಂತು ನೋಡುವವರಿಗೆ ವ್ಯತ್ಯಾಸ ಕಾಣುತ್ತದೆ. ಬೈಗುಳವೂ ನಿಂತಿದೆ.

ಮಸ್ಕತ್‌ನ ಸಮಸ್ಯೆಗೆ ಆ ಕಾಲದಲ್ಲಿ ಎಲ್ಲರೂ ಮಾಡಿದ ಉಪಾಯ ಗೊತ್ತೇ ಇದೆ: ಒಬ್ಬರು ನುಡಿಸುವುದು, ಉಳಿದವರೆಲ್ಲ ಮ್ಯೂಟ್. ಸದ್ದು ವಾಪಸ್ ಬರುವ ದಾರಿ ಮುಚ್ಚಿದರೆ ತಡ ಬರೀ ತಡವಾಗಿ ಉಳಿಯುತ್ತದೆ, ಕ್ರಿಕೆಟ್ ಪ್ರಸಾರದ ಹಾಗೆ. ಆದರೆ ಅಪ್ಪನಿಗೆ ಮಗನ ತಾಳ ಕೇಳುವುದಿಲ್ಲ. ಅದು ಭಜನೆಯಲ್ಲ ಎಂಬುದು ದೊಡ್ಡಪ್ಪನ ಖಚಿತ ಮಾತು, ನನ್ನದೂ ಹೌದು.

ಸಮೀಕರಣ ಇನ್ನೊಂದು ಬಾಗಿಲು ತೋರಿಸುತ್ತದೆ. ತಡವು ಒಂದು ಪೆಟ್ಟಿನ, ಇಲ್ಲವೇ ಎರಡು, ಎಂಟು ಹೀಗೆ ಇಡೀ ಪೆಟ್ಟುಗಳ ಕಾಲಕ್ಕೆ ಸರಿಯಾಗಿದ್ದರೆ ಆ ಸೈನ್ ಮತ್ತೆ ಸೊನ್ನೆ, ಕೊಸೈನ್ ಮತ್ತೆ ಒಂದು. ವೇಗ ಪೂರ್ತಿ 90, ಜೊತೆಯೂ ಗಟ್ಟಿ. ತಡ ಕಡಿಮೆ ಮಾಡಲು ಆಗದಿದ್ದರೆ ಹೆಚ್ಚು ಮಾಡಿ! 2005ರಿಂದ ಇರುವ ನಿಂಜಾಮ್ ಎಂಬ ತಂತ್ರಾಂಶ ಇದನ್ನೇ ಮಾಡುತ್ತದೆ. ಪ್ರತಿಯೊಬ್ಬರ ಸದ್ದನ್ನೂ ಒಂದು ಪೂರ್ತಿ ಸುತ್ತಿನಷ್ಟು ಹಿಡಿದಿಟ್ಟು ಉಳಿದವರಿಗೆ ಮುಂದಿನ ಸುತ್ತಿನಲ್ಲಿ ಕೇಳಿಸುತ್ತದೆ. ನಾವು ಎಂಟು ಪೆಟ್ಟಿನ ಆವರ್ತನಕ್ಕೆ ಹೊಂದಿಸಿದೆವು, ತಡ 5.33 ಸೆಕೆಂಡ್. ದೊಡ್ಡಪ್ಪ ಮಗನ ಹಿಂದಿನ ಆವರ್ತನದ ಜೊತೆ ನುಡಿಸುತ್ತಾರೆ, ಮಗ ಅಪ್ಪನ ಹಿಂದಿನ ಆವರ್ತನದ ಜೊತೆ. ಲಯ ಕೂತಿತು. ಎರಡನೆಯ ಚರಣದಲ್ಲೂ ಪದ ಕುಣಿಯುತ್ತಲೇ ಇತ್ತು.

ಇದರ ತೊಡಕುಗಳನ್ನು ಹುಡುಕಿ ಕೊಟ್ಟವರೂ ದೊಡ್ಡಪ್ಪನೇ. ಪದದ ನಡುವೆ ವೇಗ ಏರಿಸಬೇಕೆಂದರೆ ತಡವನ್ನೂ ಅದೇ ಕ್ಷಣ ಕಡಿಮೆ ಮಾಡಬೇಕು. ಮಂಗಳದ ಹೊತ್ತಿಗೆ ಅಪ್ಪ ನಿಲ್ಲಿಸಿದ ಮೇಲೂ ಮಗನ ಒಂದು ಆವರ್ತನ ಬರುತ್ತಲೇ ಇರುತ್ತದೆ. ಮೂರನೆಯದು ನನಗೆ ಲೆಕ್ಕ ಹಾಕುವ ಕೆಲಸ ಕೊಟ್ಟಿತು. ಅದರಲ್ಲಿರುವ ಮೆಟ್ರೊನೋಮ್ ಆರಿಸಿ ನೋಡಿದ ಒಂದು ದಿನ ಇಬ್ಬರೂ ಚೂರು ಓಡಿ, ಹೆಚ್ಚಿನ ವೇಗದಲ್ಲಿ ಗಟ್ಟಿಯಾಗಿ ನಿಂತುಬಿಟ್ಟರು. ಅವರಿಗೆ ಎಲ್ಲ ಸರಿ ಇದೆ ಅನ್ನಿಸುತ್ತಿತ್ತು, ಪೆಟ್ಟಿಗೆ ಪೆಟ್ಟು ಹೊಂದುತ್ತಿತ್ತು, ಪದದ ಸಾಲು ಮಾತ್ರ ಹೊಂದುತ್ತಿರಲಿಲ್ಲ. ಸಮೀಕರಣದಲ್ಲಿ ತಡ 5.33 ಸೆಕೆಂಡ್ ಇಟ್ಟು ಬಿಡಿಸಿದರೆ ಒಟ್ಟಿಗೆ ಬಡಿಯುವ ಗಟ್ಟಿ ಉತ್ತರಗಳು ಮೂರು ಸಿಗುತ್ತವೆ: ನಿಮಿಷಕ್ಕೆ ಸುಮಾರು 80, 90 ಮತ್ತು 100. ಅಂದರೆ ಆ ತಡದೊಳಗೆ ಹೆಚ್ಚುಕಡಿಮೆ ಏಳು ಪೆಟ್ಟು ಹಿಡಿಸುವ ಲಯ, ಎಂಟು ಹಿಡಿಸುವ ಲಯ, ಒಂಬತ್ತು ಹಿಡಿಸುವ ಲಯ. ಅವರು ಒಂಬತ್ತರದ್ದಕ್ಕೆ ಹತ್ತಿದ್ದರು. "ಹಾಗಾದ್ರೆ ಏಳಕ್ಕೆ ಬೇಕಂತಲೇ ಹೋಗ್ಲಿಕ್ಕೆ ಆಗ್ತದಾ ನೋಡುವ" ಎಂದು ಮಸ್ಕತ್‌ನಿಂದ ಅವನು ಕೇಳಿದ್ದಾನೆ. ಏಳು ಪೆಟ್ಟಿನಲ್ಲಿ ಹಾಡಬಹುದಾದ ಪದವೊಂದನ್ನು ದೊಡ್ಡಪ್ಪ ಈಗಾಗಲೇ ಆರಿಸಿ ಇಟ್ಟುಕೊಂಡಿದ್ದಾರೆ, ಬರುವ ಶನಿವಾರ ಭಜನೆ ಮುಗಿದ ಮೇಲೆ ಕೂರುವುದೆಂದಾಗಿದೆ.